ಯುದ್ಧ ನೋಡದ ಕೋಟೆ, ನಾಲ್ಕು ಬಾಗಿಲಿನ ಚೌಕ: ಲುಕ್ಕಾದಲ್ಲಿ ಅಮ್ಮನ ಜೊತೆ

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತು ನಿಮ್ಮನ್ನ ಇಟಲಿಯ ಲುಕ್ಕಾಗೆ ಕರ್ಕೊಂಡು ಹೋಗ್ತೀನಿ. ಪೀಸಾದ ವಾಲಿದ ಗೋಪುರ ಗೊತ್ತಲ್ಲ, ಅಲ್ಲಿಂದ ಲೋಕಲ್ ರೈಲಿನಲ್ಲಿ ಹೆಚ್ಚುಕಮ್ಮಿ ಅರ್ಧ ಗಂಟೆ.

ಜೊತೆಗೆ ಅಮ್ಮ ಇದ್ರು. ಅವರಿಗೆ ಮಂಡಿ ನೋವು. ಎರಡು ಗಂಟೆಯ ವಾಕಿಂಗ್ ಟೂರ್ ಬುಕ್ ಮಾಡುವಾಗ ನನಗೆ ಅದು ನೆನಪೇ ಆಗಿರಲಿಲ್ಲ, ನಿಜ ಹೇಳ್ತಿದ್ದೀನಿ.

ಗೈಡ್ ಮೊದಲು ಹತ್ತಿಸಿದ್ದು ಕೋಟೆ ಗೋಡೆ. ಗೋಡೆ ಅಂದ್ರೆ ಕಿರಿದಾದ ಕಲ್ಲಿನ ದಾರಿ ಅಂದ್ಕೊಂಡಿದ್ದೆ. ನೋಡಿದ್ರೆ ಮರಗಳ ಸಾಲಿರೋ ಅಗಲ ರಸ್ತೆ! ಊರ ಸುತ್ತ 4 ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ ಇದೆ. ಸೈಕಲ್ ಹೊಡೆಯೋರು, ಓಡೋರು, ಮಗುವಿನ ಗಾಡಿ ತಳ್ಳೋರು ಎಲ್ಲಾ ಅದರ ಮೇಲೇ. ಹೊರಗೆ ಇಟ್ಟಿಗೆ, ಹಿಂದೆ ರಾಶಿ ಮಣ್ಣು. ಫಿರಂಗಿ ಬಂದ ಮೇಲೆ ಎತ್ತರದ ತೆಳು ಗೋಡೆಗಳು ಒಡೆದು ಬೀಳೋಕೆ ಶುರುವಾದವು; ಮಣ್ಣು ಮಾತ್ರ ಗುಂಡಿನ ಹೊಡೆತ ನುಂಗಿಬಿಡುತ್ತೆ. 16ನೇ ಶತಮಾನದಲ್ಲಿ ಶುರುವಾದ ಕೆಲಸ ಮುಗಿದಿದ್ದು 17ನೇ ಶತಮಾನದ ಮಧ್ಯದಲ್ಲಿ. ಇಷ್ಟೆಲ್ಲಾ ಆದ್ಮೇಲೆ ಶತ್ರು ಬಂದು ಮುತ್ತಿಗೆ ಹಾಕಲೇ ಇಲ್ಲ!

ಬಂದಿದ್ದು ನೀರು. 1812ರಲ್ಲಿ ಸೆರ್ಕಿಯೊ ನದಿ ಉಕ್ಕಿತು, ಕೋಟೆ ಬಾಗಿಲು ಮುಚ್ಚಿ ಊರು ಉಳಿಸ್ಕೊಂಡ್ರು. ಆಗ ಅಲ್ಲಿ ಆಳ್ತಿದ್ದೋರು ನೆಪೋಲಿಯನ್ ತಂಗಿ ಎಲಿಸಾ. ಅವರು ಹೊರಗೆ ಸಿಕ್ಕಿಹಾಕ್ಕೊಂಡ್ರಂತೆ, ಬಾಗಿಲು ತೆಗೆಯೋ ಹಾಗಿಲ್ಲ, ಗೋಡೆ ಮೇಲಿಂದ ಎತ್ತಿ ಒಳಗೆ ಇಳಿಸಿದ್ರಂತೆ. ಇದು ಊರಿನವರು ಹೇಳೋ ಕಥೆ. ಅಮ್ಮ ಮೆಲ್ಲಗೆ, “ಹಾಗಾದ್ರೆ ದುಡ್ಡು ದಂಡ ಆಗ್ಲಿಲ್ಲ ಬಿಡು” ಅಂದ್ರು.

ಆಮೇಲೆ ಚರ್ಚು, ಗಲ್ಲಿ, 1858ರಲ್ಲಿ ಪುಚಿನಿ ಹುಟ್ಟಿದ ಮನೆ. ಟೂರ್ ಮುಗಿದಿದ್ದು ಆಂಫಿಥಿಯೇಟರ್ ಚೌಕದಲ್ಲಿ. ರೋಮನ್ನರ ಕಾಲದ ಅಖಾಡದ ಗೋಡೆಗಳನ್ನೇ ಬುನಾದಿ ಮಾಡ್ಕೊಂಡು ಜನ ಮನೆ ಕಟ್ಟಿದ್ದಾರೆ. ಅದಕ್ಕೇ ಚೌಕ ಮೊಟ್ಟೆ ಆಕಾರದಲ್ಲಿದೆ.

ನನಗೆ ಗುಯಿನಿಜಿ ಗೋಪುರ ಹತ್ತಲೇಬೇಕಿತ್ತು. ಅದರ ನೆತ್ತಿ ಮೇಲೆ ಓಕ್ ಮರಗಳಿವೆ, ನಿಜವಾದ ಮರಗಳು! ಇನ್ನೂರಕ್ಕೂ ಹೆಚ್ಚು ಮೆಟ್ಟಿಲು. “ನೀನು ಹೋಗಿ ಬಾ, ನಾನು ಈ ಬಾಗಿಲ ಹತ್ರಾನೇ ಇರ್ತೀನಿ” ಅಂದ್ರು ಅಮ್ಮ.

ವಾಪಸ್ ಬಂದ್ರೆ ಅಮ್ಮ ಇಲ್ಲ. ಚೌಕಕ್ಕೆ ನಾಲ್ಕು ಕಮಾನು ಬಾಗಿಲು, ನನ್ನ ಕಣ್ಣಿಗೆ ನಾಲ್ಕೂ ಒಂದೇ ಥರ. ಅಮ್ಮನ ಫೋನಿಗೆ ಅಲ್ಲಿನ ಸಿಮ್ ಹಾಕಿಸಿರಲಿಲ್ಲ, ಅದೂ ನನ್ನದೇ ತಪ್ಪು. ಒಳಗೆ ಎರಡು ಸುತ್ತು ಹೊಡೆದೆ. ಐಸ್‌ಕ್ರೀಂ ತಿನ್ನೋರ ಮುಖಗಳನ್ನೆಲ್ಲಾ ನೋಡಿದೆ. ಎದೆ ಡವಡವ.

ಹೊರಗಿನ ಗಲ್ಲಿಯಿಂದ ಸುತ್ತೋಣ ಅನ್ಸಿದ್ದು ಆಮೇಲೆ. ಆ ಕಡೆಯಿಂದ ನೋಡಿದ್ರೆ ಮನೆ ಗೋಡೆಗಳಲ್ಲೇ ಹಳೇ ರೋಮನ್ ಕಮಾನುಗಳು ಹುದುಗಿವೆ. ಅಲ್ಲೊಂದರ ಕೆಳಗೆ, ನೆರಳಲ್ಲಿ, ಕಲ್ಲಿಗೆ ಕೈಯೂರಿ ನಿಂತಿದ್ರು.

“ಎಲ್ಲಿಗೆ ಹೋಗಿದ್ದೆ ಅಮ್ಮಾ?”

“ಒಳಗೆ ಬಿಸಿಲು ಕಣೋ. ಮೇಲೆ ಏನ್ ನೋಡ್ದೆ, ತೋರ್ಸು.”

ಫೋಟೊ ತೋರಿಸ್ದೆ. ಜೂಮ್ ಮಾಡಿ ಮಾಡಿ ನೋಡಿದ್ರು. “ಮರ ಚೆನ್ನಾಗಿದೆ. ಅಷ್ಟು ಮೇಲಕ್ಕೆ ನೀರು ಯಾರು ಹೊತ್ತು ಹಾಕ್ತಾರೆ?”

ನಾನು ಕೇಳಿರಲಿಲ್ಲ. ಗೈಡ್ ಅಷ್ಟೊತ್ತಿಗೆ ಹೊರಟುಹೋಗಿದ್ರು.