ಅಡ್ಡಹೆಸರು ಕರೆಯುವ ಬಾಯಿ

ಸಹೋದರರೇ, ಶಾಲೆಯಲ್ಲಿ ನಮ್ಮ ಮಕ್ಕಳನ್ನು ಯಾರಾದರೂ ಹಂಗಿಸಿದರೆ ನಾವು ಕೂಡಲೇ ಹೆಡ್‌ಮಾಸ್ಟರರ ಬಳಿ ಹೋಗುತ್ತೇವೆ. ಹೋಗಲೇಬೇಕು. ಆದರೆ ಹಂಗಿಸುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆಯೇ ಎಂದು ವಿಚಾರಿಸಿದ್ದೇವೆಯೇ? ನಮ್ಮ ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಿಂದ ಬರುವ ಬಂಗಾಳಿ ಮಕ್ಕಳ ಕನ್ನಡ ಕೇಳಿ ನಗುವವರು ಯಾರು?

ಕುಂಟ, ಕರಿಯ ಎಂಬ ಅಡ್ಡಹೆಸರುಗಳನ್ನು ಮಕ್ಕಳು ಮನೆಯಲ್ಲಿ, ನಮ್ಮ ಬಾಯಿಂದಲೇ ಕಲಿಯುತ್ತಾರೆ. ಸೂರಃ ಅಲ್ ಹುಜುರಾತ್‌ನ 11ನೇ ಆಯತ್ ಗೇಲಿಯನ್ನೂ ಅಡ್ಡಹೆಸರನ್ನೂ ಒಟ್ಟಿಗೇ ತಡೆದಿದೆ. ಹಝ್ರತ್ ಅಬೂದರ್(ರ) ಒಬ್ಬರನ್ನು ತಾಯಿಯ ವಿಷಯ ಎತ್ತಿ ಮೂದಲಿಸಿದಾಗ, ನಿಮ್ಮಲ್ಲಿನ್ನೂ ಅಜ್ಞಾನಕಾಲದ ಚಾಳಿ ಉಳಿದಿದೆ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದರು. ಅಂಥ ಸಹಾಬಿಗೇ ಈ ಮಾತು!

ಮಗು ಶಾಲೆಗೆ ಒಲ್ಲೆ ಎಂದರೆ ಹೊಡೆಯದೆ ಕಾರಣ ಕೇಳೋಣ. ಯಾರ ಬಳಿಯೂ ಹೇಳಿಕೊಳ್ಳಲಾಗದ ಮಕ್ಕಳಿಗೆ 1098 ಸಹಾಯವಾಣಿ ಇದೆ. ಇವತ್ತು ಊಟಕ್ಕೆ ಕೂತಾಗ ಇದನ್ನೂ ಕೇಳೋಣ: ನಿನ್ನಿಂದ ಇವತ್ತು ಯಾರಾದರೂ ಅತ್ತರಾ?