ಪುಸ್ತಕದ ಬೆಲೆಯೂ ದಾಸೋಹವೇ



ಈ ಮುಟ್ಟಳ್ಳಿಯ ಸುತ್ತ, ಇಡೀ ಭಟ್ಕಳ ಸೀಮೆಯಲ್ಲಿ ಮಲ್ಲಿಗೆ ಬೆಳೆಯುವವರು ಬಹಳ ಮಂದಿ. ಮೊಗ್ಗು ಬಿಡಿಸಿ, ಮಾಲೆ ಕಟ್ಟಿ ಪೇಟೆಗೆ ಕಳಿಸುತ್ತಾರೆ. ಆ ಹೂವನ್ನು ಕೊಳ್ಳುವಾಗ 'ದೇವರಿಗಲ್ಲವೇ, ಪುಕ್ಕಟೆ ಕೊಡು' ಎಂದು ನಾವು ಯಾರೂ ಕೇಳುವುದಿಲ್ಲ. ಅಂದಂದಿನ ದರ ಕೊಟ್ಟೇ ಒಯ್ಯುತ್ತೇವೆ. ಆದರೆ ಒಬ್ಬನು ನಿದ್ದೆಗೆಟ್ಟು ಬರೆದು, ಸಾಲ ಮಾಡಿ ಅಚ್ಚು ಹಾಕಿಸಿದ ಪುಸ್ತಕವನ್ನು ಹಿಡಿದು ಬಾಗಿಲಿಗೆ ಬಂದರೆ, 'ನನಗೊಂದು ಗೌರವ ಪ್ರತಿ ಇರಲಿ' ಎನ್ನುತ್ತಾರೆ. ಓದುವುದು ಆಮೇಲಿನ ಮಾತು! ಮಠಕ್ಕೂ ಇಂಥ ಪ್ರತಿಗಳು ಬರುತ್ತವೆ. ಬೆಲೆ ಕೊಟ್ಟೇ ತೆಗೆದುಕೊಳ್ಳುವುದು ನಮ್ಮ ಪದ್ಧತಿ.

ದಿನಾಲು ನಾವು ನೀವು ವಚನ ಹೇಳುತ್ತೇವೆ. ಅವು ಅಚ್ಚಿನ ಪುಸ್ತಕವಾಗಿ ನಮ್ಮ ಕೈಗೆ ಬಂದದ್ದು ಹೇಗೆಂದು ವಿಚಾರ ಮಾಡಿದ್ದೀರಾ? ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರೆಂಬ ವಕೀಲರಿದ್ದರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಮನೆ ಮನೆ ಅಲೆದು ತಾಡೋಲೆಯ ಕಟ್ಟುಗಳನ್ನು ಕೂಡಿಸಿದರು. ಹುಳು ತಿಂದು ಹೋಗಬಹುದಾಗಿದ್ದ 200ಕ್ಕೂ ಹೆಚ್ಚು ಶರಣರ ನುಡಿ ಹೀಗೆ ಬೆಳಕಿಗೆ ಬಂತು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಿತ್ತು. ಮುಂದಿನದನ್ನು ಅಚ್ಚು ಮಾಡಲು ಸ್ವಂತ ಯಂತ್ರ ಬೇಕಾಯಿತು. ದುಡ್ಡೆಲ್ಲಿ? ಇದ್ದ ಮನೆಯನ್ನು ಮಾರಿ 1925ರಲ್ಲಿ 'ಹಿತಚಿಂತಕ' ಮುದ್ರಣಾಲಯ ಹಾಕಿದರು. ಮರುವರ್ಷ 'ಶಿವಾನುಭವ' ಪತ್ರಿಕೆ ತೆಗೆದರು.

ಇವರು ಲೋಕವ್ಯವಹಾರ ತಿಳಿಯದವರಲ್ಲ. 1910ರಲ್ಲಿ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆಯನ್ನೂ 1912ರಲ್ಲಿ ಸಿದ್ಧೇಶ್ವರ ಬ್ಯಾಂಕನ್ನೂ ಕಟ್ಟಿದವರು. ಊರವರಿಗೆ ಸಾಲ ಸಿಗುವ ದಾರಿ ಮಾಡಿಕೊಟ್ಟ ಆ ಮಹನೀಯರು ತಾವು ಬಾಡಿಗೆ ಮನೆಯಲ್ಲಿ, ಹರಿದ ಕೋಟು ತೊಟ್ಟು ಬಾಳಿದರು. 1964ರಲ್ಲಿ ಲಿಂಗೈಕ್ಯರಾದರು. ಈಗ ಜುಲೈ 2 ಬಂತೆಂದರೆ ಅವರ ಭಾವಚಿತ್ರಕ್ಕೆ ಹಾರ ಹಾಕುತ್ತಾರೆ. ಹಾಕಲಿ, ಬೇಡವೆನ್ನುವುದಿಲ್ಲ. ಆದರೆ ಅವರು ಪುಸ್ತಕ ಅಚ್ಚು ಹಾಕಿ ಕೊಳ್ಳುವವರ ದಾರಿ ಕಾಯುತ್ತಿದ್ದ ಕಾಲದಲ್ಲಿ, ಲಿಂಗ ಕಟ್ಟಿದ ಮನೆಗೊಂದು ಪ್ರತಿ ಹೋಗಿದ್ದರೆ ಆ ಜೀವ ಇಷ್ಟು ಬಡತನದಲ್ಲಿ ಸವೆಯಬೇಕಾಗಿತ್ತೇ?

ಹಾವೇರಿ ಸೀಮೆಯ ಗಳಗನಾಥರದೂ ಇದೇ ಕಥೆ. ಶಾಲೆಯ ಮಾಸ್ತರರು. ಕಾದಂಬರಿ ಬರೆದು ಅಚ್ಚು ಹಾಕಿಸಿ, ಗಂಟು ಹೊತ್ತು ಊರೂರು ತಿರುಗಿ ತಾವೇ ಮಾರಿದರು.

ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ ಬುದ್ಧಿ, ಎಂದು ನೀವು ಅನ್ನಬಹುದು. ನಿಜ. ಬಾಯಿ ಇದೆಯಲ್ಲ! ಭಟ್ಕಳದ ಸಂತೆಯಲ್ಲಿ ಯಾರ ಬೆಲ್ಲ ಚೆನ್ನಾಗಿದೆ ಎಂದು ನೆರೆಮನೆಗೆ ಹೋಗಿ ಹೇಳುವ ತಾಯಂದಿರು, ಯಾವ ಪುಸ್ತಕ ಚೆನ್ನಾಗಿದೆ ಎಂದೂ ಹೇಳಬಹುದು. ಊರ ಗ್ರಂಥಾಲಯದಲ್ಲಿ ಹೆಸರು ಹೇಳಿ, ತರಿಸಿರೆಂದು ಕೇಳಬಹುದು. ಚೆನ್ನಾಗಿಲ್ಲದ್ದನ್ನು ಮಾತ್ರ ಕನಿಕರಕ್ಕಾಗಿ ಹೊಗಳಬೇಡಿರಿ; ಮುಂದಿನ ಸಲ ನಿಮ್ಮ ಮಾತನ್ನು ಯಾರೂ ನಂಬುವುದಿಲ್ಲ.

ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಎಂಬ ಜೈನ ತಾಯಿ ಪೊನ್ನನ 'ಶಾಂತಿಪುರಾಣ'ವನ್ನು 1000 ಪ್ರತಿ ಮಾಡಿಸಿ ಹಂಚಿದಳು. ಅಚ್ಚಿಲ್ಲದ ಕಾಲ, ಒಂದೊಂದು ಪ್ರತಿಯೂ ಕೈಬರಹ. ಮತ ಬೇರೆಯಾದರೇನು, ಆ ಕೆಲಸ ದಾಸೋಹವಲ್ಲವೇ? ಕವಿಯ ನುಡಿ ಉಳಿಯಿತು, ಓಲೆ ಬರೆದವರ ಒಲೆಯೂ ಉರಿದಿರಬೇಕು. ನಿಮ್ಮ ಮನೆಯ ಮದುವೆಯಲ್ಲಿ ತಾಂಬೂಲದ ಚೀಲಕ್ಕೆ ತೆಂಗಿನಕಾಯಿಯ ಜೊತೆ ಒಂದು ಸಣ್ಣ ಪುಸ್ತಕ ಹಾಕಿದರೆ ಚೀಲವೇನೂ ಹರಿಯುವುದಿಲ್ಲ.

ಚಪ್ಪರದ ಆ ಕಂಬದ ಹತ್ತಿರ ಈ ಜಿಲ್ಲೆಯವರೇ ಒಬ್ಬರು ತಾವು ಬರೆದ ಪುಸ್ತಕಗಳನ್ನಿಟ್ಟುಕೊಂಡು ಕುಳಿತಿದ್ದಾರೆ. ಮಂಗಳವಾದೊಡನೆ ನಾವು ಅಲ್ಲಿಗೆ ಹೋಗಿ ಎರಡು ಪ್ರತಿ ಕೊಳ್ಳುವವರಿದ್ದೇವೆ. ಪ್ರಸಾದದ ಪಂಕ್ತಿಗೆ ಇನ್ನೂ ಅರ್ಧ ತಾಸಿದೆ, ನೀವೂ ಬನ್ನಿರಿ. ಚಿಲ್ಲರೆ ಅವರ ಹತ್ತಿರ ಇದೆಯಂತೆ.