ಬಯಸಿದ ಹುದ್ದೆಗೆ ಹೊಂದುವ ಸ್ವವಿವರ ಪತ್ರ

(ಗ್ರಾಮೀಣ ಯುವಜನರ ಉದ್ಯೋಗ ಮಾರ್ಗದರ್ಶನ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ತಾಲ್ಲೂಕು ಕೇಂದ್ರಗಳ ಜೆರಾಕ್ಸ್ ಅಂಗಡಿಗಳ ಮುಂದೆ ‘ಬಯೋಡೇಟಾ ಮಾಡಿಕೊಡಲಾಗುವುದು’ ಎಂಬ ಫಲಕ ಸಾಮಾನ್ಯವಾಗಿ ಕಾಣಸಿಗುತ್ತದೆ. ಒಳಗಿನ ಗಣಕಯಂತ್ರದಲ್ಲಿ ಒಂದು ಸಿದ್ಧ ಮಾದರಿ ಇರುತ್ತದೆ. ಬಂದವರ ಹೆಸರು, ತಂದೆಯ ಹೆಸರು, ಜನ್ಮದಿನಾಂಕ, ಅಂಕಗಳ ಶೇಕಡಾವಾರು ಇವಷ್ಟೇ ಬದಲಾಗುತ್ತವೆ. ‘ಸವಾಲಿನ ಹುದ್ದೆಯಲ್ಲಿ ಸೇವೆ ಸಲ್ಲಿಸಿ ಸಂಸ್ಥೆಯ ಏಳಿಗೆಗೆ ಶ್ರಮಿಸುವುದು’ ಎಂಬರ್ಥದ ಇಂಗ್ಲಿಷ್ ವಾಕ್ಯವೂ, ಹವ್ಯಾಸಗಳ ಪಟ್ಟಿಯೂ, ಕೊನೆಯ ಘೋಷಣೆಯೂ ಎಲ್ಲರಿಗೂ ಒಂದೇ. ಹೀಗೆ ಸಿದ್ಧವಾದ ಇಪ್ಪತ್ತು ಪ್ರತಿಗಳು ಉದ್ಯೋಗ ಮೇಳದ ಇಪ್ಪತ್ತು ಮೇಜುಗಳಿಗೆ ಹೋಗುತ್ತವೆ. ಯಾವ ಮೇಜಿನವರಿಗೂ ಈ ಅಭ್ಯರ್ಥಿ ತಮಗೆ ಬೇಕಾದವನೆಂದು ತಿಳಿಯುವುದಿಲ್ಲ.

ಬಯೋಡೇಟಾ ಎಂಬ ಪದವು ನಮ್ಮ ಸೀಮೆಯಲ್ಲಿ ವಧು-ವರಾನ್ವೇಷಣೆಗೂ ಬಳಕೆಯಾಗುತ್ತಿರುವುದರಿಂದ ಗೊಂದಲ ಇಮ್ಮಡಿಸಿದೆ. ಜಾತಿ, ಎತ್ತರ, ಮೈಬಣ್ಣ, ವೈವಾಹಿಕ ಸ್ಥಿತಿ ಮದುವೆಯ ಮಾತುಕತೆಗೆ ಬೇಕಾದೀತು. ಲೆಕ್ಕ ಬರೆಯುವ ಹುದ್ದೆಗೆ ಬೇಡ. ಸರ್ಕಾರಿ ನೇಮಕಾತಿಯ ಮಾತು ಬೇರೆ. ಕರ್ನಾಟಕ ಲೋಕಸೇವಾ ಆಯೋಗವಾಗಲಿ, ಕರ್ನಾಟಕ ಪರೀಕ್ಷಾ ಪ್ರಾಧಿಕಾರವಾಗಲಿ ನಿಗದಿತ ನಮೂನೆಯಲ್ಲೇ ಅರ್ಜಿ ಪಡೆಯುತ್ತವೆ. ಅಲ್ಲಿ ಜಾತಿ ಪ್ರಮಾಣಪತ್ರ, ಗ್ರಾಮೀಣ ಹಾಗೂ ಕನ್ನಡ ಮಾಧ್ಯಮ ವ್ಯಾಸಂಗದ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರಿಗೆ 371 ಜೆ ಅನ್ವಯದ ಅರ್ಹತಾ ಪ್ರಮಾಣಪತ್ರ ಇವು ಅಭ್ಯರ್ಥಿಯ ಹಕ್ಕಿನ ದಾಖಲೆಗಳು. ಸ್ವವಿವರ ಪತ್ರದ ಅಂದ ಅಲ್ಲಿ ಲೆಕ್ಕಕ್ಕಿಲ್ಲ. ಈ ಉಪನ್ಯಾಸದ ವಿಷಯವು ಖಾಸಗಿ ಹಾಗೂ ಸಹಕಾರಿ ವಲಯದ ಹುದ್ದೆಗಳಿಗೆ ಸಂಬಂಧಿಸಿದ್ದು.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. ಬಿ.ಕಾಂ. ಮುಗಿಸಿದ ಯುವತಿಯೊಬ್ಬಳು ಎರಡು ವರ್ಷ ಊರಿನ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಕಾರ್ಯದರ್ಶಿಗೆ ನೆರವಾಗಿದ್ದಾಳೆ. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಹಾಲಿನ ಪ್ರಮಾಣ, ಜಿಡ್ಡಿನಂಶ, ಜಿಡ್ಡೇತರ ಘನಾಂಶಗಳನ್ನು ದಾಖಲಿಸಿದ್ದಾಳೆ. ಉತ್ಪಾದಕರ ಬಟವಾಡೆ ಪಟ್ಟಿ ತಯಾರಿಸಿದ್ದಾಳೆ. ಪಶು ಆಹಾರದ ಮುಂಗಡವನ್ನು ಅದರಲ್ಲಿ ಕಡಿತ ಮಾಡಿದ್ದಾಳೆ. ಸಂಘದ ನಗದು ಪುಸ್ತಕವನ್ನು ಬ್ಯಾಂಕ್ ಪಾಸ್‌ಬುಕ್‌ನೊಂದಿಗೆ ತಾಳೆ ನೋಡಿದ್ದಾಳೆ. ಆದರೂ ಅವಳ ಬಯೋಡೇಟಾದಲ್ಲಿ ಅನುಭವದ ಎದುರು ‘ಇಲ್ಲ’ ಎಂದಿರುತ್ತದೆ. ಊರಿನ ಕೆಲಸ, ಮನೆಯವರು ಮಾಡೆಂದ ಕೆಲಸ, ಸಂಬಳವೆಂದು ಹೇಳಿಕೊಳ್ಳುವಷ್ಟು ಸಿಗದ ಕೆಲಸ ಅನುಭವವೇ ಅಲ್ಲವೆಂಬ ಭಾವನೆ ಹೆಣ್ಣುಮಕ್ಕಳಲ್ಲಿ ಬಹಳವಾಗಿ ಬೇರೂರಿದೆ. ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆದವರ ಕಥೆಯೂ ಇದೇ.

ಆಕೆ ಲೆಕ್ಕಪರಿಶೋಧಕರ ಕಚೇರಿಯ ಸಹಾಯಕಿ ಹುದ್ದೆಗೆ ಅರ್ಜಿ ಹಾಕುವಾಗ ಮೊದಲ ಸಾಲುಗಳಲ್ಲಿ ಬರಬೇಕಾದುದು ನಗದು ಪುಸ್ತಕ, ಬ್ಯಾಂಕ್ ತಾಳೆ, ಕಡಿತಗಳ ಲೆಕ್ಕ. ಅದರ ಬೆನ್ನಿಗೆ ಟ್ಯಾಲಿ ತರಬೇತಿ, ಜಿಎಸ್‌ಟಿ ವಿವರಪಟ್ಟಿಗಳ ತಿಳಿವಳಿಕೆ. ಅದೇ ಯುವತಿ ಡೇರಿಯ ಗುಣಮಟ್ಟ ವಿಭಾಗದ ದಾಖಲಾತಿ ಹುದ್ದೆಯನ್ನು ಬಯಸಿದರೆ ಹಾಲಿನ ಪರೀಕ್ಷೆಯ ಅನುಭವ ಮೇಲೇರಬೇಕು, ಟ್ಯಾಲಿ ಕೆಳಗಿಳಿಯಬೇಕು. ಸಾಲ ಸಂಸ್ಥೆಯೊಂದರ ಕ್ಷೇತ್ರ ಸಿಬ್ಬಂದಿಯಾಗುವುದಿದ್ದರೆ, ಇಷ್ಟು ಮಂದಿ ಉತ್ಪಾದಕರೊಂದಿಗೆ ದಿನವೂ ವ್ಯವಹರಿಸಿದ್ದು, ಬಟವಾಡೆಯ ದಿನದ ತಕರಾರುಗಳನ್ನು ದಾಖಲೆ ತೋರಿಸಿ ಪರಿಹರಿಸಿದ್ದು ಮುಖ್ಯವಾಗುತ್ತದೆ. ಮೂರರಲ್ಲಿಯೂ ಒಂದೇ ಬದುಕಿದೆ, ಒಂದೇ ಸತ್ಯವಿದೆ. ಓದುವವರಿಗೆ ಮೊದಲು ಏನು ಬೇಕೋ ಅದು ಮೊದಲು ಬಂದಿದೆ, ಅಷ್ಟೇ.

ಏನು ಮೊದಲು ಬರಬೇಕೆಂಬುದನ್ನು ಹುದ್ದೆಯ ಪ್ರಕಟಣೆಯೇ ಹೇಳುತ್ತದೆ. ಅದನ್ನು ಕಾಗದದ ಮೇಲೆ ಇಳಿಸಿಕೊಂಡು, ಕೇಳಿರುವ ಪ್ರತಿಯೊಂದು ಕೆಲಸದ ಎದುರಿಗೆ ತಾನು ಅದನ್ನು ಎಲ್ಲಿ, ಎಷ್ಟು ಕಾಲ ಮಾಡಿದ್ದೆನೆಂದು ಅಭ್ಯರ್ಥಿಯು ಬರೆದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಅನೇಕ ದೊಡ್ಡ ಸಂಸ್ಥೆಗಳಲ್ಲಿಯೂ ಉದ್ಯೋಗ ಜಾಲತಾಣಗಳಲ್ಲಿಯೂ ಮೊದಲ ಸುತ್ತಿನ ಶೋಧನೆಯನ್ನು ತಂತ್ರಾಂಶವೇ ಪದಗಳ ಆಧಾರದಲ್ಲಿ ನಡೆಸುತ್ತದೆ. ಆದ್ದರಿಂದ ಪ್ರಕಟಣೆಯಲ್ಲಿರುವ ಪದವನ್ನೇ, ಅದು ಅಭ್ಯರ್ಥಿಗೆ ನಿಜವಾಗಿ ಅನ್ವಯಿಸುವುದಾದರೆ, ಬಳಸುವುದು ಕ್ಷೇಮ.

ಐಟಿಐ ವಿದ್ಯಾರ್ಥಿಗಳ ಪತ್ರಗಳಲ್ಲಿ ಮತ್ತೊಂದು ಬಗೆಯ ಬಡತನ ಕಾಣುತ್ತದೆ. ‘ಎಲೆಕ್ಟ್ರಿಷಿಯನ್, ತೇರ್ಗಡೆ’ ಎಂಬಲ್ಲಿಗೆ ಮುಗಿಯುತ್ತದೆ. ಕೊಳವೆಬಾವಿಯ ಪ್ಯಾನೆಲ್ ಬೋರ್ಡ್ ದುರಸ್ತಿ, ಸ್ಟಾರ್-ಡೆಲ್ಟಾ ಸ್ಟಾರ್ಟರ್ ಜೋಡಣೆ, ಸುಟ್ಟ ಮೋಟಾರಿನ ದೋಷಪತ್ತೆ ಇವನ್ನು ರಜೆಯಲ್ಲಿ ಊರಿನ ಮೆಕ್ಯಾನಿಕ್ ಜೊತೆ ಮಾಡಿದ ಹುಡುಗನು ಕಾರ್ಖಾನೆಯ ನಿರ್ವಹಣಾ ವಿಭಾಗಕ್ಕೆ ಬೇಕಾದವನು. ಅವನು ಅದನ್ನು ಬರೆಯದಿದ್ದರೆ ಬೇರಾರೂ ಅವನ ಪರವಾಗಿ ಬರೆಯುವುದಿಲ್ಲ. 1961ರ ಶಿಶಿಕ್ಷು ಅಧಿನಿಯಮದಡಿ ಅಪ್ರೆಂಟಿಸ್ ತರಬೇತಿ ಪಡೆದವರಂತೂ ತರಬೇತಿಯ ಅವಧಿ, ವಿಭಾಗ, ನಿರ್ವಹಿಸಿದ ಯಂತ್ರಗಳ ಹೆಸರನ್ನು ಕಡ್ಡಾಯವಾಗಿ ನಮೂದಿಸಬೇಕು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಇದ್ದುದನ್ನು ಮುಂದಕ್ಕೆ ತರುವುದು ಬೇರೆ, ಇಲ್ಲದ್ದನ್ನು ಹುಟ್ಟಿಸುವುದು ಬೇರೆ. ಸಂಘದಲ್ಲಿ ನೆರವಾಗಿದ್ದವಳು ‘ಸಹಾಯಕಿ’ ಎಂದೇ ಬರೆಯಬೇಕು, ‘ಲೆಕ್ಕಾಧಿಕಾರಿ’ ಎಂದಲ್ಲ. ನಕಲಿ ಅನುಭವ ಪತ್ರವನ್ನು ಹಣಕ್ಕೆ ಒದಗಿಸುವವರ ಮಾತಿಗೆ ಮರುಳಾದವರು ತಿಳಿಯಬೇಕಾದ ಸಂಗತಿಯೆಂದರೆ, ಭವಿಷ್ಯ ನಿಧಿಯ ಯುಎಎನ್ ಖಾತೆಯ ಸೇವಾ ಇತಿಹಾಸವನ್ನು ಸಂಸ್ಥೆಗಳು ತಾಳೆ ನೋಡುತ್ತವೆ. ಕೆಲಸಕ್ಕೆ ಸೇರಿ ಕೆಲವು ತಿಂಗಳಾದ ಮೇಲೆ ಸುಳ್ಳು ಹೊರಬಿದ್ದರೆ ಹುದ್ದೆಯೂ ಹೋಗುತ್ತದೆ, ಮುಂದಿನ ಸಂಸ್ಥೆಗೆ ತೋರಿಸಲು ಬಿಡುಗಡೆ ಪತ್ರವೂ ಇಲ್ಲದಂತಾಗುತ್ತದೆ. ವ್ಯಾಸಂಗದ ನಡುವೆ ಬಿಟ್ಟುಹೋದ ವರ್ಷಗಳನ್ನೂ ಮರೆಮಾಚಬೇಕಿಲ್ಲ. ತಂದೆಯ ಅನಾರೋಗ್ಯದಿಂದ ಒಂದು ವರ್ಷ ಬೇಸಾಯ ನೋಡಿಕೊಂಡೆನೆಂಬ ಒಂದು ಸಾಲು ಸಂದರ್ಶಕರ ಸಂದೇಹವನ್ನು ಅಲ್ಲಿಯೇ ನಿವಾರಿಸುತ್ತದೆ.

ಹೊಸಬರಿಗೆ ಒಂದು ಪುಟ ಸಾಕು. ದೂರವಾಣಿ ಸಂಖ್ಯೆ ಚಾಲ್ತಿಯಲ್ಲಿರಬೇಕು. ರೀಚಾರ್ಜ್ ಮುಗಿದ ಕಾರಣಕ್ಕೆ ಸಂದರ್ಶನದ ಕರೆ ತಪ್ಪಬಾರದು. ಪತ್ರವನ್ನು ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ರೂಢಿ ಬಿಟ್ಟು, ಪಿಡಿಎಫ್ ಮಾಡಿ, ಕಡತಕ್ಕೆ ತನ್ನ ಹೆಸರನ್ನೂ ಹುದ್ದೆಯ ಹೆಸರನ್ನೂ ಇಡಬೇಕು. ಇಂಗ್ಲಿಷ್ ಬಾರದವರು ಬೇರೆಯವರಿಂದ ಬರೆಸಬಹುದು. ಆದರೆ ಅದರಲ್ಲಿರುವ ಪ್ರತಿಯೊಂದು ಪದದ ಅರ್ಥವನ್ನು ಕನ್ನಡದಲ್ಲಿ ವಿವರಿಸಲು ಬರಬೇಕು. ಸಂದರ್ಶನದ ಪ್ರಶ್ನೆಗಳು ಹುಟ್ಟುವುದೇ ಆ ಪುಟದಿಂದ.

2022-23ನೇ ಸಾಲಿನಲ್ಲಿ ತೇರ್ಗಡೆಯಾದವರಿಂದ ಆರಂಭಗೊಂಡ ಯುವನಿಧಿ ಯೋಜನೆಯು ನಿರುದ್ಯೋಗಿ ಪದವೀಧರರಿಗೆ ಮಾಸಿಕ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿಯನ್ನು ಗರಿಷ್ಠ 2 ವರ್ಷ ನೀಡುತ್ತದೆ. ಈ ಅವಧಿಯಲ್ಲಿಯೇ ಸ್ಕಿಲ್ ಕನೆಕ್ಟ್ ಹಾಗೂ ರಾಷ್ಟ್ರೀಯ ವೃತ್ತಿ ಸೇವಾ ಜಾಲತಾಣಗಳಲ್ಲಿ ಹೆಸರು ನೋಂದಾಯಿಸಿಕೊಳ್ಳುವುದು ಉಚಿತ. ಅಲ್ಲಿ ತುಂಬುವ ವಿವರಗಳೂ ಕೈಯಲ್ಲಿರುವ ಪತ್ರದ ವಿವರಗಳೂ ಒಂದಕ್ಕೊಂದು ಹೊಂದಿರಲಿ.

ಆಧಾರ್, ಪ್ಯಾನ್ ಹಾಗೂ ಬ್ಯಾಂಕ್ ಖಾತೆ ಸಂಖ್ಯೆಗಳನ್ನು ಸ್ವವಿವರ ಪತ್ರದಲ್ಲಿ ಮುದ್ರಿಸಬಾರದು. ಆ ಕಾಗದ ಎಷ್ಟು ಕೈ ದಾಟುವುದೋ ಹೇಳಲಾಗದು. ಮೂಲ ಅಂಕಪಟ್ಟಿಯನ್ನು ಯಾರ ವಶಕ್ಕೂ ಒಪ್ಪಿಸದೆ, ನಕಲು ಪ್ರತಿಯನ್ನಾಗಲಿ ಡಿಜಿಲಾಕರ್ ಪ್ರತಿಯನ್ನಾಗಲಿ ತೋರಿಸಬೇಕು. ನೋಂದಣಿ ಶುಲ್ಕ, ಸಮವಸ್ತ್ರದ ಠೇವಣಿ, ತರಬೇತಿ ವೆಚ್ಚ ಎಂದು ಹುದ್ದೆಗೆ ಮುನ್ನವೇ ಹಣ ಕೇಳುವ ಕರೆ ಬಂದರೆ ಅದನ್ನು ಅಲ್ಲಿಗೇ ನಿಲ್ಲಿಸತಕ್ಕದ್ದು. ಹಣ ಕಳಿಸಿ ಮೋಸಹೋಗಿದ್ದಲ್ಲಿ ತಡಮಾಡದೆ 1930 ಸಹಾಯವಾಣಿಗೆ ಕರೆಮಾಡಿ ದೂರು ದಾಖಲಿಸತಕ್ಕದ್ದು.